ಬಿಸಿಲು ಹೋಯಿತು, ನೀರು ನಿಲ್ಲಲಿಲ್ಲ: ಬಾಲ್ಕನಿಯ ಮರುಗ ಮಳೆಗಾಲದಲ್ಲಿ ಏಕೆ ಸಾಯುತ್ತದೆ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ನಾಲ್ಕನೇ ಮಹಡಿಯ ಮನೆ. ಬಾಲ್ಕನಿ ದಕ್ಷಿಣಕ್ಕಿದೆ. ಮೇಲೆ ಐದನೇ ಮಹಡಿಯ ಸ್ಲ್ಯಾಬ್ ಇರುವುದರಿಂದ ಮಳೆ ನೀರು ಕುಂಡಗಳಿಗೆ ಬೀಳುವುದಿಲ್ಲ. ಡಿಸೆಂಬರ್‌ನಲ್ಲಿ ಒಂದು ಮರುಗದ ಸಸಿ ತಂದಿದ್ದೆ. ಏಪ್ರಿಲ್‌ವರೆಗೆ ಸೊಂಪಾಗಿತ್ತು, ಮಲ್ಲಿಗೆ ಕಟ್ಟುವಾಗಲೆಲ್ಲ ನಾಲ್ಕು ಕುಡಿ ಸೇರಿಸುತ್ತಿದ್ದೆ. ಮೇ ಕೊನೆಗೆ ಬುಡದ ಎಲೆಗಳು ಹಳದಿಯಾದವು, ಜೂನ್‌ನಲ್ಲಿ ಗಿಡ ಬಾಡಿತು. ನೀರು ಸಾಲದೇನೋ ಎಂದು ಎರಡು ಹೊತ್ತೂ ಹಾಕಿದೆ. ವಾರದೊಳಗೆ ಕಪ್ಪಾಗಿ ಹೋಯಿತು. ಜುಲೈನಲ್ಲಿ ಇನ್ನೊಂದು ತಂದು, ಈ ಸಲ ನೀರು ಇಳಿಯಲೆಂದು ತಳಕ್ಕೆ ಜಲ್ಲಿ ಹಾಕಿ, ಕೋಕೋಪೀಟ್ ಮತ್ತು ಸಗಣಿ ಗೊಬ್ಬರ ಬೆರೆಸಿ ನೆಟ್ಟೆ. ಟೀ ಚರಟವನ್ನೂ ಹಾಕುತ್ತಿದ್ದೇನೆ. ಈಗ ಇದಕ್ಕೂ ಅದೇ ಗತಿ. ಹೊರಗಾದಾಗ ಮುಟ್ಟಿದ್ದರಿಂದ ಹೀಗಾಯಿತು ಎಂದು ಅತ್ತೆ ಹೇಳುತ್ತಾರೆ. ಮರುಗದ ವಾಸನೆಗೆ ಹಾವು ಬರುತ್ತದೆ, ಹೋದರೆ ಹೋಗಲಿ ಬಿಡಿ ಎನ್ನುತ್ತಾರೆ ಪಕ್ಕದ ಮನೆಯವರು. ನರ್ಸರಿಯವರು ಒಂದು ಪೊಟ್ಟಣದಲ್ಲಿ ಬಿಳಿ ಪುಡಿ ಕೊಟ್ಟಿದ್ದಾರೆ. ಗಿಡ ಉಳಿಯುತ್ತದೆಯೇ? ಅಂಗಡಿಯಲ್ಲಿ ಮಾರ್ಜೋರಂ ಎಂದು ಡಬ್ಬಿಯಲ್ಲಿ ಮಾರುವುದು ಇದೇನಾ? ಮಗಳು ಪಿಜ್ಜಾಕ್ಕೆ ಹಾಕಬೇಕೆನ್ನುತ್ತಾಳೆ. ಹೂವಿನವರ ಹತ್ತಿರ ಸಿಗುವ ಮರುಗದ ಕಡ್ಡಿ ನೆಟ್ಟರೆ ಬದುಕುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡೆರಡು ಸಲ ಓದಿದ್ದು ತಿಂಗಳುಗಳ ಹೆಸರನ್ನು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಚೆನ್ನಾಗಿದ್ದ ಗಿಡ, ಅದೇ ಜಾಗದಲ್ಲಿ, ಅದೇ ಕೈಯಲ್ಲಿ, ಮೇ ಕೊನೆಗೆ ಕೆಡಲು ಶುರುವಾಯಿತು. ಎರಡನೆಯದನ್ನು ತಂದದ್ದೇ ಜುಲೈನಲ್ಲಿ, ಅದಕ್ಕೆ ಒಳ್ಳೆಯ ಕಾಲವೇ ಸಿಗಲಿಲ್ಲ. ನಿಮ್ಮ ಆರೈಕೆಯಲ್ಲಿ ಕೊರತೆ ಇರಲಿಲ್ಲ. ಆದರೆ ಏಪ್ರಿಲ್‌ನ ಆರೈಕೆಯನ್ನೇ ಜೂನ್‌ನಲ್ಲೂ ಮುಂದುವರಿಸಿದಿರಿ, ಮೇಲಿಂದ ಒಂದು ಹೊತ್ತು ಹೆಚ್ಚಿಗೆ ನೀರು ಕೊಟ್ಟಿರಿ. ಈ ನಡುವೆ ನಿಮ್ಮ ಬಾಲ್ಕನಿಯಿಂದ ಬಿಸಿಲು ಹೊರಟುಹೋಗಿತ್ತು.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 18ರ ಆಸುಪಾಸಿನಲ್ಲಿ ಇನ್ನೊಮ್ಮೆ ನಡುಹಗಲ ಸೂರ್ಯ ಇಲ್ಲಿ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಶಾಲೆಗಳಲ್ಲಿ ಶೂನ್ಯ ನೆರಳಿನ ದಿನ ಎಂದು ಮಕ್ಕಳಿಗೆ ಕಂಬ ನಿಲ್ಲಿಸಿ ತೋರಿಸುವುದು ಇದನ್ನೇ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಸೂರ್ಯ ಆಕಾಶದ ಉತ್ತರ ಭಾಗದಲ್ಲಿ ಓಡಾಡುತ್ತಾನೆ. ದಕ್ಷಿಣದ ಬಾಲ್ಕನಿಗೆ, ಅದರಲ್ಲೂ ಮೇಲೆ ಸ್ಲ್ಯಾಬ್ ಚಾಚಿರುವ ಬಾಲ್ಕನಿಗೆ, ಆಗ ನೇರ ಬಿಸಿಲೇ ಇಲ್ಲ. ಜನವರಿಯಲ್ಲಿ ಮಧ್ಯಾಹ್ನದ ಬಿಸಿಲು ಓರೆಯಾಗಿ ಒಳಗೆ ಬಂದು ಕುಂಡದ ಮೇಲೆ ಬೀಳುತ್ತಿತ್ತಲ್ಲ, ಜೂನ್‌ನಲ್ಲಿ ಅದೇ ಜಾಗ ಬರೀ ಬೆಳಕಿನ ನೆರಳು. ಅಷ್ಟರಲ್ಲಿ ಮುಂಗಾರಿನ ಮೋಡವೂ ಕವಿದಿರುತ್ತದೆ. ದಕ್ಷಿಣದ ಬಾಲ್ಕನಿಯೆಂದರೆ ವರ್ಷವಿಡೀ ಬಿಸಿಲು ಎಂಬ ಮಾತು ಉತ್ತರದ ಚಳಿ ದೇಶಗಳ ತೋಟಗಾರಿಕೆ ಪುಸ್ತಕಗಳಿಂದ ಬಂದದ್ದು. ನಮ್ಮ ಊರಿಗೆ ಅದು ಒಪ್ಪುವುದಿಲ್ಲ.

ಮರುಗದ ತವರು ಸೈಪ್ರಸ್ ದ್ವೀಪ, ಟರ್ಕಿಯ ದಕ್ಷಿಣ ಭಾಗ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆಯಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಸುಣ್ಣದ ಕಲ್ಲಿನ ಇಳಿಜಾರುಗಳಲ್ಲಿ, ನೀರು ನಿಲ್ಲದ ಕಡೆ ಬೆಳೆದ ಗಿಡ ಅದು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಎರಡೂ ಬದಿಗೆ ಬೂದು ಬಣ್ಣದ ಸಣ್ಣ ರೋಮ ಕಾಣುತ್ತದೆ. ನೀರು ಆರದಂತೆ ಕಾಪಾಡಿಕೊಳ್ಳುವ ಗಿಡದ ಮೈ ಅದು. ಬಿಸಿಲಿದ್ದಾಗ ಇದು ಎಷ್ಟು ನೀರನ್ನೂ ಕುಡಿದೀತು. ಬಿಸಿಲಿಲ್ಲದಾಗ ಎಲೆಯಿಂದ ಆವಿಯಾಗುವುದು ಇಳಿಯುತ್ತದೆ, ಬೇರು ನೀರೆಳೆಯುವುದೂ ಇಳಿಯುತ್ತದೆ. ನೀವು ಹಾಕಿದ ನೀರು ಅಲ್ಲೇ ಉಳಿಯುತ್ತದೆ. ಮಣ್ಣಿನ ಸಂದಿಗಳಲ್ಲಿ ಗಾಳಿ ಇರಬೇಕಾದ ಕಡೆಯೆಲ್ಲ ನೀರು ತುಂಬಿ ಬೇರು ಉಸಿರುಗಟ್ಟುತ್ತದೆ. ಪೀಥಿಯಂ, ಫೈಟಾಫ್ಥೊರದಂಥ ಕೊಳೆರೋಗದ ಸೂಕ್ಷ್ಮಜೀವಿಗಳು ಆಗಷ್ಟೇ ಕೈಯಾಡಿಸುತ್ತವೆ.

ಇನ್ನು ಬಾಡಿದ ವಿಷಯ. ಮೇಲೆ ನೋಡಿದರೆ ನೀರಿಲ್ಲದೆ ಬಾಡಿದ ಗಿಡಕ್ಕೂ ಬೇರು ಕೊಳೆತು ಬಾಡಿದ ಗಿಡಕ್ಕೂ ವ್ಯತ್ಯಾಸ ಕಾಣದು. ಎರಡರಲ್ಲೂ ಎಲೆಗೆ ನೀರು ಮುಟ್ಟುತ್ತಿಲ್ಲ. ಒಂದರಲ್ಲಿ ನೀರೇ ಇಲ್ಲ, ಇನ್ನೊಂದರಲ್ಲಿ ನೀರು ಎತ್ತಿಕೊಡುವ ಬೇರಿಲ್ಲ. ನನ್ನ ಹತ್ತಿರ ಬರುವ ಸತ್ತ ಮರುಗ, ರೋಸ್‌ಮೇರಿ, ಲ್ಯಾವೆಂಡರ್ ಕುಂಡಗಳಲ್ಲಿ ಹೆಚ್ಚಿನವು ಹೀಗೆ ಬಾಡಿದ ಮೇಲೆ ಇನ್ನಷ್ಟು ನೀರು ಕುಡಿದು ಸತ್ತವು. ಗುರುತು ಹಿಡಿಯುವ ದಾರಿ ಸುಲಭ: ಕುಂಡ ಎತ್ತಿ ನೋಡಿ. ಬಾಡಿದ ಗಿಡದ ಕುಂಡ ಹಗುರವಾಗಿದ್ದರೆ ನೀರು ಕೊಡಿ. ಭಾರವಾಗಿದ್ದರೆ ಕೊಡಬೇಡಿ.

ಈಗ ಜಲ್ಲಿಯ ಮಾತು. ಇದನ್ನು ನೀವೊಬ್ಬರೇ ಮಾಡಿದ್ದಲ್ಲ, ಎಷ್ಟೋ ತೋಟಗಾರಿಕೆ ಲೇಖನಗಳೂ ಇದನ್ನೇ ಹೇಳುತ್ತವೆ. ಆದರೆ ಜಲ್ಲಿ ನೀರನ್ನು ಬೇಗ ಇಳಿಸುವುದಿಲ್ಲ. ಒಗೆದು ತಂತಿಗೆ ಹಾಕಿದ ಪಂಚೆಯನ್ನು ನೋಡಿ: ಮೇಲೆಲ್ಲ ಒಣಗಿದರೂ ಕೆಳಗಿನ ಅಂಚು ಒದ್ದೆಯಾಗಿಯೇ ಇರುತ್ತದೆ. ಕುಂಡದ ಮಣ್ಣಿನಲ್ಲೂ ಕೆಳಗಿನ ಎರಡು ಮೂರು ಅಂಗುಲ ಹಾಗೆಯೇ ನೀರು ಹಿಡಿದುಕೊಳ್ಳುತ್ತದೆ. ಸಣ್ಣ ರಂಧ್ರಗಳ ಮಣ್ಣಿನಿಂದ ದೊಡ್ಡ ಸಂದಿಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯದು, ಮಣ್ಣು ಪೂರಾ ನೆನೆದ ಮೇಲೆಯೇ ತೊಟ್ಟಿಕ್ಕುತ್ತದೆ. ಅಂದರೆ ಜಲ್ಲಿ ಹಾಕಿದಾಗ ಆ ಒದ್ದೆ ಪದರ ಹೋಗುವುದಿಲ್ಲ, ಜಲ್ಲಿಯ ಎತ್ತರದಷ್ಟು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬಂದು ಕೂರುತ್ತದೆ. ಮಣ್ಣು ತೂತಿನಿಂದ ಸೋರಿಹೋಗದಿರಲು ಒಂದು ಚೂರು ಸೊಳ್ಳೆಪರದೆ ಬಟ್ಟೆ ಸಾಕು. ದಪ್ಪ ಮರಳಿನಂಥ ತರಿ ಬೇಕಾದದ್ದು ಮಣ್ಣಿನ ಕೆಳಗಲ್ಲ, ಮಣ್ಣಿನೊಳಗೆ ಬೆರೆತು.

ಕೋಕೋಪೀಟ್ ಕೂಡ ಇಲ್ಲಿ ನಿಮ್ಮ ಸಹಾಯಕ್ಕೆ ಬರಲಿಲ್ಲ. ಮೇಲ್ಪದರ ಒಣಗಿ ತಿಳಿಗಂದು ಬಣ್ಣಕ್ಕೆ ತಿರುಗಿದಾಗ ಒಳಗೆ ಹಿಂಡಿದರೆ ನೀರು ಬರುವಷ್ಟು ಒದ್ದೆ ಇರುತ್ತದೆ. ಜೊತೆಗೆ ನರ್ಸರಿಯ ಸಸಿಗಳು ಕಪ್ಪು ಕವರ್‌ನಲ್ಲಿ, ಗಟ್ಟಿ ಕೆಂಪು ಜೇಡಿಮಣ್ಣಿನ ಮುದ್ದೆಯಲ್ಲಿ ಬರುತ್ತವೆ. ಆ ಮುದ್ದೆಯನ್ನು ಹಾಗೆಯೇ ಕೋಕೋಪೀಟ್‌ನೊಳಗೆ ಇಟ್ಟರೆ ಬೇರು ಹೊರಗೆ ಬರದೆ ಒಳಗೇ ಸುತ್ತುತ್ತಿರುತ್ತದೆ. ಮುದ್ದೆ ಒಮ್ಮೆ ನೆನೆಯಿತೆಂದರೆ ವಾರವಾದರೂ ಆರದು. ಟೀ ಚರಟ ಇವತ್ತಿನಿಂದಲೇ ನಿಲ್ಲಿಸಿ. ಹಾಲು, ಸಕ್ಕರೆ ಹಾಕಿ ಕುದಿಸಿದ ಚರಟ ಇರುವೆಗೂ ಬೂಷ್ಟಿಗೂ ಔತಣ. ಸಗಣಿ ಗೊಬ್ಬರ ಕೆಟ್ಟದ್ದಲ್ಲ, ಪ್ರಮಾಣ ಹೆಚ್ಚಾಯಿತು. ಸಾರಜನಕ ಜಾಸ್ತಿಯಾದ ಮರುಗ ಉದ್ದುದ್ದ ಬೆಳೆದು, ಕಾಂಡ ನೀರುನೀರಾಗಿ, ಪರಿಮಳ ಕಳೆದುಕೊಳ್ಳುತ್ತದೆ.

ನಿಮ್ಮ ಅತ್ತೆಯವರ ಮಾತನ್ನು ನಗೆಯಾಡುವುದಿಲ್ಲ, ತುಳಸಿ, ಮಲ್ಲಿಗೆ, ವೀಳ್ಯದೆಲೆ ಬಳ್ಳಿಗಳ ಬಗ್ಗೆಯೂ ನಮ್ಮ ಮನೆಗಳಲ್ಲಿ ಇದೇ ನಂಬಿಕೆ ಇದೆ. ಆದರೆ ಹೂವಿನ ಹೊಲಗಳಲ್ಲಿ ಕಳೆ ತೆಗೆಯುವವರು, ಬೆಳಗಿನ ಜಾವ ಹೂ ಬಿಡಿಸುವವರು, ಕಟ್ಟುವವರು ಬಹುಪಾಲು ಹೆಂಗಸರೇ. ತಿಂಗಳ ಮೂವತ್ತು ದಿನವೂ ಕೆಲಸಕ್ಕೆ ಬರುತ್ತಾರೆ. ಆ ಮೂರು ದಿನಕ್ಕೆ ಗಿಡ ಒಣಗುವ ಹಾಗಿದ್ದರೆ ಮಾರುಕಟ್ಟೆಗೆ ಒಂದು ಮೊಳ ಹೂ ಬರುತ್ತಿರಲಿಲ್ಲ. ಮುಟ್ಟಿಗೂ ಬೇರಿಗೂ ಸಂಬಂಧವಿಲ್ಲ. ಮನೆಯಲ್ಲಿ ಇದನ್ನು ಹೇಗೆ ಹೇಳುತ್ತೀರೋ ನಿಮಗೆ ಬಿಟ್ಟದ್ದು. ಗಿಡದ ಸಾವಿನ ಹೊಣೆಯನ್ನಂತೂ ನೀವು ಹೊರಬೇಡಿ.

ಹಾವಿನದ್ದು ಇನ್ನೂ ಸುಲಭ. ಹಾವು ಇಲಿ, ಕಪ್ಪೆ, ಅಡಗುವ ಸಂದಿ ಇರುವ ಕಡೆ ಬರುತ್ತದೆ, ಹೂವಿನ ಪರಿಮಳ ಹುಡುಕಿಕೊಂಡು ಬರುವುದಿಲ್ಲ. ಹಳ್ಳಿಯ ಹಿತ್ತಿಲಲ್ಲಿ ದಟ್ಟವಾಗಿ, ನೆಲಕ್ಕೆ ಬಾಗಿ ಬೆಳೆದ ಯಾವುದೇ ಪೊದೆಯ ಬುಡದಲ್ಲಿ ತಂಪಿಗೆ ಅದು ಮಲಗಿರಬಹುದು, ನಂಬಿಕೆ ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ನಾಲ್ಕನೇ ಮಹಡಿಯ ಒಂದು ಗೇಣು ಗಿಡಕ್ಕೆ ಆ ಚಿಂತೆ ಬೇಡ.

ಬಿಳಿ ಪುಡಿಯ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಹೆಸರು, ಪ್ರಮಾಣ, ತಯಾರಿಸಿದ ದಿನ ಏನೂ ಇಲ್ಲದ ಪೊಟ್ಟಣದ ಔಷಧಿಯನ್ನು ಮನೆಯೊಳಗೆ ಇಟ್ಟುಕೊಳ್ಳಬೇಡಿ, ಅಡುಗೆಗೆ ಬಳಸಬೇಕೆಂದಿರುವ ಗಿಡಕ್ಕಂತೂ ಹಾಕಲೇಬೇಡಿ. ಅದು ಕಾರ್ಬೆಂಡಜಿಮ್ ಆಗಿದ್ದರೆ ಪೀಥಿಯಂ, ಫೈಟಾಫ್ಥೊರ ಗುಂಪಿನ ಮೇಲೆ ಕೆಲಸವನ್ನೇ ಮಾಡುವುದಿಲ್ಲ. ಬೇರೆ ಯಾವುದೇ ಶಿಲೀಂಧ್ರನಾಶಕವಾಗಿದ್ದರೂ ಕೊಳೆತ ಬೇರನ್ನು ಅದು ಮತ್ತೆ ಹುಟ್ಟಿಸದು. ಮಣ್ಣು ಒದ್ದೆಯಾಗಿಯೇ ಇರುವವರೆಗೆ ಔಷಧಿಗೆ ಕಾಸು ಹಾಕುವುದು ವ್ಯರ್ಥ. ಪೊಟ್ಟಣವನ್ನು ಕೊಟ್ಟವರಿಗೇ ಹಿಂತಿರುಗಿಸಿ. ಟ್ರೈಕೋಡರ್ಮಾ ಎಂಬ ಜೈವಿಕ ಪುಡಿ ಅಂಗಡಿಗಳಲ್ಲಿ ಸಿಗುತ್ತದೆ. ಹೊಸ ಮಣ್ಣಿಗೆ ಮೊದಲೇ ಬೆರೆಸಿದರೆ ರೋಗ ತಡೆಯಲು ನೆರವಾಗುತ್ತದೆ, ಬಂದ ರೋಗಕ್ಕೆ ಮದ್ದಲ್ಲ.

ಈಗಿನ ಗಿಡದ ವಿಷಯಕ್ಕೆ ಬರೋಣ. ಮೊದಲು ಅದನ್ನು ಕುಂಡದಿಂದ ಹೊರತೆಗೆಯಿರಿ. ಹಳೆಯ ಪೇಪರ್ ಹಾಸಿ, ಕುಂಡವನ್ನು ಬೋರಲು ಹಿಡಿದು ಅಂಚನ್ನು ಮೆಲ್ಲಗೆ ಬಡಿದರೆ ಮಣ್ಣಿನ ಮುದ್ದೆ ಇಡಿಯಾಗಿ ಬರುತ್ತದೆ. ಮೂಸಿ ನೋಡಿ, ಹುಳಿ ಹುಳಿ ಅಥವಾ ಚರಂಡಿ ವಾಸನೆ ಬಂದರೆ ಕೊಳೆ ಶುರುವಾಗಿದೆ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಆರೋಗ್ಯದ ಬೇರು ಕೆನೆ ಬಣ್ಣಕ್ಕಿದ್ದು ಗಟ್ಟಿಯಾಗಿರುತ್ತದೆ. ಕೊಳೆತ ಬೇರಿನ ಕಂದು ಸಿಪ್ಪೆ ನಿಮ್ಮ ಬೆರಳಿಗೆ ಕಳಚಿ ಬಂದು, ಒಳಗೆ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಆಮೇಲೆ ಬುಡದ ಕಾಂಡವನ್ನು ಉಗುರಿನಿಂದ ಚೂರು ಕೆರೆಯಿರಿ. ಸಿಪ್ಪೆಯಡಿ ಹಸಿರಿದ್ದರೆ ಜೀವವಿದೆ. ಕಂದಾಗಿ ಮೆತ್ತಗಿದ್ದರೆ ಆ ಕೊಂಬೆಯ ಆಸೆ ಬಿಡಿ.

ಅರ್ಧಕ್ಕಿಂತ ಹೆಚ್ಚು ಬೇರು ಬೆಳ್ಳಗಿದ್ದರೆ ಗಿಡವನ್ನು ಉಳಿಸಲು ಪ್ರಯತ್ನಿಸಬಹುದು. ಕೊಳೆತದ್ದನ್ನು ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ತೆಗೆದು, ಮುದ್ದೆ ಮಣ್ಣು ಉದುರಿಸಿ, ಮೇಲಿನ ಕೊಂಬೆಗಳನ್ನೂ ಮೂರನೇ ಒಂದು ಭಾಗ ಕತ್ತರಿಸಿ, ಹಿಂದಿನದಕ್ಕಿಂತ ಸಣ್ಣ ಕುಂಡಕ್ಕೆ ಹಾಕಿ. ಬೇರು ಕಡಿಮೆಯಾದ ಗಿಡಕ್ಕೆ ದೊಡ್ಡ ಕುಂಡ ಕೊಟ್ಟರೆ ಕುಡಿಯಲಾಗದ ನೀರನ್ನು ಅದರ ಸುತ್ತ ಇಟ್ಟಂತೆ. ಇದರಲ್ಲಿ ಅಪಾಯವೂ ಇದೆ. ಈ ಗಿಡ ಬೇರು ಕೆದಕುವುದನ್ನು ಅಷ್ಟಾಗಿ ಸಹಿಸದು, ಮೋಡದ ದಿನಗಳಲ್ಲಿ ಚೇತರಿಕೆ ನಿಧಾನ, ಎರಡು ಮೂರು ವಾರ ಹಾಗೆಯೇ ನಿಂತು ಆಮೇಲೆ ಸತ್ತರೂ ಸತ್ತೀತು.

ಅದಕ್ಕೇ ನಿಮ್ಮ ಜಾಗದಲ್ಲಿ ನಾನಿದ್ದರೆ ತಾಯಿ ಗಿಡವನ್ನು ನಂಬಿ ಕೂರದೆ ಇವತ್ತೇ ಕಡ್ಡಿ ತೆಗೆಯುತ್ತಿದ್ದೆ. ಇನ್ನೂ ಹಸಿರಾಗಿ, ನೆಟ್ಟಗೆ ನಿಂತಿರುವ, ಮೊಗ್ಗು ಬಿಡದ ಕುಡಿಗಳನ್ನು ನಾಲ್ಕು ಅಂಗುಲಕ್ಕೆ, ಗೆಣ್ಣಿನ ಕೆಳಗೆ ಕತ್ತರಿಸಿ. ಕೆಳಗಿನ ಅರ್ಧದ ಎಲೆ ತೆಗೆಯಿರಿ. ಜರಡಿ ಹಿಡಿದು ದೂಳು ತೆಗೆದ ದಪ್ಪ ಮರಳು ಅರ್ಧ, ಕೋಕೋಪೀಟ್ ಅರ್ಧ ಬೆರೆಸಿ, ತೂತು ಮಾಡಿದ ಪೇಪರ್ ಲೋಟಗಳಲ್ಲಿ ಎರಡೆರಡು ಕಡ್ಡಿ ಚುಚ್ಚಿ. ನೇರ ಬಿಸಿಲು ಬೇಡ, ಒಳ್ಳೆಯ ಬೆಳಕಿರಲಿ. ಮಳೆಗಾಲದಲ್ಲಿ ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಬೇಡಿ, ಗಾಳಿಯಾಡದೆ ಬುಡವೇ ಕರಗುತ್ತದೆ. ಮೂರರಿಂದ ನಾಲ್ಕು ವಾರಕ್ಕೆ ಬೇರು ಬರುತ್ತದೆ. ಮೆಲ್ಲಗೆ ಎಳೆದಾಗ ಕಡ್ಡಿ ತಡೆದು ನಿಂತರೆ ಬೇರಾಗಿದೆ ಎಂದರ್ಥ. ಹತ್ತು ಚುಚ್ಚಿದರೆ ಹತ್ತೂ ಬರುವುದಿಲ್ಲ. ನಿಮಗೆ ಬೇಕಾದದ್ದು ಒಂದೆರಡು ಅಷ್ಟೆ.

ಮೂರನೇ ದಾರಿಯೂ ಇದೆ, ಇದನ್ನು ಹೇಳಲು ತೋಟಗಾರಿಕೆಯವರು ಹಿಂಜರಿಯುತ್ತಾರೆ: ಗಿಡ ಎಸೆದು, ನವೆಂಬರ್‌ನಲ್ಲಿ ಹೊಸದು ತನ್ನಿ. ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿದ ಹುಮ್ಮಸ್ಸಿನಲ್ಲಿ ಗಿಡ ಕೊಳ್ಳುವವರು ಬಹಳ. ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಬೆಂಗಳೂರಿನ ಮಳೆ ಇನ್ನೂ ಜೋರಿರುತ್ತದೆ, ಮರುಗಕ್ಕೆ ಅದು ಕೆಟ್ಟ ಕಾಲ. ನವೆಂಬರ್ ಮಧ್ಯದ ಹೊತ್ತಿಗೆ ಮಳೆ ಕಡಿಮೆಯಾಗಿ, ಬಿಸಿಲು ನಿಮ್ಮ ಬಾಲ್ಕನಿಗೆ ಮರಳಿರುತ್ತದೆ. ಆದರೆ ಹಳೆಯ ಕುಂಡದ ಮಣ್ಣನ್ನು ಮತ್ತೆ ಬಳಸಬೇಡಿ, ಕುಂಡವನ್ನು ಸೋಪು ಹಾಕಿ ಉಜ್ಜಿ ಬಿಸಿಲಿಗೆ ಒಣಗಿಸಿ. ಬೀಜದಿಂದ ಬೆಳೆಸುವ ಆಸೆ ಇದ್ದರೆ ಆಗಲೇ ಮಾಡಿ. ಬೀಜ ಗಸಗಸೆಯಂತೆ ತೀರಾ ಸಣ್ಣದು, ಮಣ್ಣು ಮುಚ್ಚದೆ ಮೇಲೆಯೇ ಉದುರಿಸಿ ಒತ್ತಿದರೆ ಸಾಕು. ಮೊಳೆಯಲು ಸುಮಾರು ಎರಡು ವಾರ ಹಿಡಿಯುತ್ತದೆ. ಮೊದಮೊದಲ ಸಸಿಗಳು ಕಣ್ಣಿಗೆ ಕಾಣುವುದೇ ಕಷ್ಟ, ತಾಳ್ಮೆ ಇಲ್ಲದವರಿಗೆ ನಾನು ಸೂಚಿಸುವುದಿಲ್ಲ.

ಹೊಸ ಗಿಡಕ್ಕೆ ಆರೆಂಟು ಅಂಗುಲ ಅಗಲದ ಮಣ್ಣಿನ ಕುಂಡ ತನ್ನಿ, ಗೋಡೆಯಿಂದಲೂ ನೀರು ಆರುತ್ತದೆ. ಎರಡು ಭಾಗ ಕೆಂಪುಮಣ್ಣು, ಎರಡು ಭಾಗ ದಪ್ಪ ಮರಳು ಅಥವಾ ಕಡಲೆಕಾಳಿನಷ್ಟರ ಇಟ್ಟಿಗೆ ಚೂರು, ಒಂದು ಭಾಗ ಎರೆಗೊಬ್ಬರ. ಬೋರ್‌ವೆಲ್‌ನ ಗಡಸು ನೀರಿಗೆ ಹೆದರಬೇಡಿ, ಸುಣ್ಣದ ನೆಲದಿಂದ ಬಂದ ಗಿಡ ಅದನ್ನು ಸಹಿಸುತ್ತದೆ. ಕರಾವಳಿ, ಮಲೆನಾಡಿನಲ್ಲಿ ಇದನ್ನು ಓದುತ್ತಿರುವವರು ಮಾತ್ರ ತಮ್ಮ ಹುಳಿ ಮಣ್ಣಿಗೆ ಕುಂಡಕ್ಕೊಂದು ಚಮಚ ಕೃಷಿ ಸುಣ್ಣ ಬೆರೆಸಿಕೊಳ್ಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡವನ್ನು ಸೂರಿನಡಿ ಇಡಿ. ನೀರಿಗೆ ಗಡಿಯಾರದ ಲೆಕ್ಕ ಬೇಡ. ಬೆರಳನ್ನು ಎರಡು ಗೆಣ್ಣು ಒಳಗಿಳಿಸಿ, ಅಲ್ಲಿ ಒಣಗಿದ್ದರೆ ತಳದಿಂದ ಹರಿಯುವಷ್ಟು ನೀರು ಕೊಟ್ಟು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಏಪ್ರಿಲ್‌ನಲ್ಲಿ ಇದು ದಿನವೂ ಬೇಕಾದೀತು. ಜುಲೈನಲ್ಲಿ ವಾರಕ್ಕೊಮ್ಮೆಯೂ ಹೆಚ್ಚಾದೀತು. ನಿಮ್ಮ ಮನೆಯ ಯುಟಿಲಿಟಿ ಉತ್ತರಕ್ಕೋ ಪೂರ್ವಕ್ಕೋ ಇದ್ದರೆ ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಕುಂಡವನ್ನು ಅಲ್ಲಿಗೆ ಸಾಗಿಸಿ. ಇದೊಂದನ್ನು ಮಾಡಿದರೆ ನಿಮ್ಮ ಮುಕ್ಕಾಲು ಸಮಸ್ಯೆ ಬಗೆಹರಿಯುತ್ತದೆ.

ಕುಡಿ ಚಿವುಟುತ್ತಿರಿ. ತುದಿಯಲ್ಲಿ ಹಸಿರು ಗಂಟಿನಂಥ ಮೊಗ್ಗುಗಳು ಕಂಡಾಗ, ಅವು ಅರಳುವ ಮೊದಲೇ ಕತ್ತರಿಸಿದರೆ ಪರಿಮಳ ಹೆಚ್ಚು. ಎಲೆಯಿಲ್ಲದ ಗಟ್ಟಿ ಕಾಂಡದವರೆಗೆ ಮಾತ್ರ ಕತ್ತರಿಸಬೇಡಿ, ಅಲ್ಲಿಂದ ಚಿಗುರುವುದು ಅನುಮಾನ. ಎರಡು ಮೂರು ವರ್ಷಕ್ಕೆ ಬುಡ ಕಟ್ಟಿಗೆಯಾಗುತ್ತದೆ, ಅಷ್ಟರಲ್ಲಿ ಕಡ್ಡಿಯಿಂದ ಮುಂದಿನ ಗಿಡ ಮಾಡಿಕೊಂಡಿರಿ. ಮಾರ್ಚ್, ಏಪ್ರಿಲ್‌ನ ಒಣ ಬಿಸಿಗೆ ಎಲೆಯ ಮೇಲೆ ಬಿಳಿ ಚುಕ್ಕೆ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ಅದು ಜೇಡನುಸಿ. ಎಲೆಯಡಿಗೆ ನೀರು ರಭಸವಾಗಿ ಹಾಯಿಸಿ ತೊಳೆಯಿರಿ, ಹೋಗದಿದ್ದರೆ ಲೀಟರ್ ನೀರಿಗೆ 5 ಮಿಲೀ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ಮಗಳ ಪ್ರಶ್ನೆಗೆ: ಹೌದು, ನಮ್ಮ ಮರುಗವೇ ಅಂಗಡಿಯ ಮಾರ್ಜೋರಂ. ಪಿಜ್ಜಾ ಜೊತೆ ಪುಟ್ಟ ಪೊಟ್ಟಣದಲ್ಲಿ ಬರುವುದು ಅದರ ದಾಯಾದಿ ಒರೆಗಾನೊ, ಅದಕ್ಕೆ ಘಾಟು ಹೆಚ್ಚು. ಮರುಗ ಮೆದು, ತುಸು ಸಿಹಿ, ಒಲೆಯಿಂದ ಇಳಿಸುವಾಗ ಹಾಕಬೇಕು. ಆದರೆ ನೀವು ತಂದದ್ದು ಮರುಗವೇ ಎಂದು ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಎದುರುಬದುರು ಕೂತ ಪುಟ್ಟ ಅಂಡಾಕಾರದ ಎಲೆ, ಎಳೆಯ ಕಾಂಡ ಚೌಕ, ಇದ್ದರೆ ಮರುಗ. ಎಲೆ ನೂಲಿನಂತೆ ಸೀಳಿಸೀಳಿ ಬೆಳ್ಳಿ ಬಣ್ಣಕ್ಕಿದ್ದರೆ ಅದು ದವನ. ದವನ ಒಂದೇ ಹಂಗಾಮಿನ ಗಿಡ, ನವೆಂಬರ್‌ನಲ್ಲಿ ಬಿತ್ತಿದ್ದು ದವನದ ಹುಣ್ಣಿಮೆಯ ಆಸುಪಾಸಿಗೆ ಹೂಬಿಟ್ಟು ಮುಗಿಯುತ್ತದೆ, ಎಷ್ಟು ಆರೈಕೆ ಮಾಡಿದರೂ ಉಳಿಯದು. ದಪ್ಪ ರಸಭರಿತ ಎಲೆಯ ದೊಡ್ಡಪತ್ರೆಯನ್ನೂ ಕೆಲವು ನರ್ಸರಿಗಳು ಒರೆಗಾನೊ ಎಂದು ಮಾರುತ್ತವೆ, ಅದೂ ಬೇರೆ.

ನರ್ಸರಿಯಿಂದ ತಂದ ಗಿಡದ ಎಲೆಯನ್ನು ತಕ್ಷಣ ಅಡುಗೆಗೆ ಬಳಸಬೇಡಿ. ಅವರು ಏನು ಸಿಂಪಡಿಸಿದ್ದರೋ ಗೊತ್ತಿರುವುದಿಲ್ಲ. ಬುಡದಲ್ಲಿ ಒಂದಿಷ್ಟು ಎಲೆ ಉಳಿಸಿ ಮೇಲಿನದ್ದನ್ನೆಲ್ಲ ಒಮ್ಮೆ ಕತ್ತರಿಸಿ, ಆರು ವಾರವಾದರೂ ಕಳೆದ ಮೇಲೆ ಹೊಸದಾಗಿ ಬಂದ ಚಿಗುರನ್ನೇ ಬಳಸಿ. ಅಡುಗೆಯ ಚಿಟಿಕೆ ಎಲೆಯಿಂದ ತೊಂದರೆಯಿಲ್ಲ. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಕಷಾಯವಾಗಿ ದಿನವೂ ಕುಡಿಯುವ ಮುನ್ನ ವೈದ್ಯರನ್ನು ಕೇಳಲಿ. ಸುಗಂಧ ತೈಲವನ್ನು ಯಾರೂ ಕುಡಿಯುವಂತಿಲ್ಲ.

ಹೂವಿನವರ ಕಡ್ಡಿ ನೆಟ್ಟರೆ ಬೇರು ಬರುತ್ತದೆ, ಒಂದು ಷರತ್ತಿನ ಮೇಲೆ. ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಿಗ್ಗೆ ಬೇಗ ಹೋದರೆ ಅವತ್ತೇ ಬಂದ ಕಟ್ಟು ಸಿಗುತ್ತದೆ. ಅದರಲ್ಲಿ ಮೊಗ್ಗಿಲ್ಲದ, ಬುಡ ಕಪ್ಪಾಗದ ಕುಡಿಗಳನ್ನು ಆರಿಸಿ, ಬುಡದ ಕಡೆಯಿಂದ ಅರ್ಧ ಅಂಗುಲ ಹೊಸದಾಗಿ ಕತ್ತರಿಸಿ ಮೇಲೆ ಹೇಳಿದ ಮರಳಿನಲ್ಲಿ ಚುಚ್ಚಿ. ದಂಡೆಯಲ್ಲಿ ಕಟ್ಟಿ ಸಂಜೆವರೆಗೆ ಮುಡಿದದ್ದು ಬರುವುದು ಕಷ್ಟ. ಹೂವಿನ ಬೆಳೆಯೆಂದು ಬೆಳೆದ ಆ ಕಟ್ಟಿನ ಎಲೆಯನ್ನು ಮುಡಿಯಲು ಬಳಸಿ, ಪಿಜ್ಜಾಕ್ಕೆ ಬೇಡ.